ಭಾರ ಏಳುವ ಮುನ್ನ ಹೆಬ್ಬೆರಳು ಕೂರಬೇಕು

ಎರಡು ಕಬ್ಬಿಣದ ಪ್ಲೇಟುಗಳು. ಒಂದೊಂದೂ 45 ಪೌಂಡ್, ಅಂದರೆ 20 ಕೆ.ಜಿ.ಗಿಂತ ಚೂರು ಹೆಚ್ಚು. ಅಕ್ಷರ ಕೊರೆದ, ಅಂಚು ಎದ್ದಿರುವ ಮುಖಗಳನ್ನು ಒಳಕ್ಕೆ ಮಾಡಿ, ನುಣುಪಾದ ಬೆನ್ನುಗಳು ಹೊರಗೆ ಬರುವಂತೆ ಜೋಡಿಸಿ ನೆಲದ ಮೇಲೆ ನಿಲ್ಲಿಸುತ್ತಾರೆ. ಹಿಡಿ ಇಲ್ಲ. ನಡುವಿನ ತೂತಿಗೆ ಬೆರಳು ಹಾಕುವಂತಿಲ್ಲ. ಒಂದು ಬದಿಗೆ ನಾಲ್ಕು ಬೆರಳು, ಇನ್ನೊಂದು ಬದಿಗೆ ಹೆಬ್ಬೆರಳು ಇಟ್ಟು, ಅದುಮಿ ಹಿಡಿದು, ಒಂದೇ ಕೈಯಲ್ಲಿ ಎತ್ತಿ ನೆಟ್ಟಗೆ ನಿಲ್ಲಬೇಕು. ಅಮೆರಿಕದ ಕಬ್ಬಿಣದ ಜಿಮ್‌ಗಳಲ್ಲಿ ಕೈಬಲದ ಪರೀಕ್ಷೆಯಾಗಿ ಬಹುಕಾಲದಿಂದ ನಡೆದುಬಂದಿರುವ ಪಿಂಚ್ ಗ್ರಿಪ್ ಇದು. 200 ಕೆ.ಜಿ. ಡೆಡ್‌ಲಿಫ್ಟ್ ಎಳೆಯುವವರ ಕೈಯಿಂದಲೂ ಈ 41 ಕೆ.ಜಿ. ಜಾರಿ ಬೀಳುವುದು ಅಪರೂಪವಲ್ಲ.

ಕಾರಣ ಸರಳ. ಬಾರ್ಬೆಲ್ ಎತ್ತುವಾಗ ನಾಲ್ಕು ಬೆರಳು ಕೊಕ್ಕೆಯಾಗಿ ಸರಳನ್ನು ಹೊರುತ್ತವೆ. ಹೆಬ್ಬೆರಳು ಆ ಕೊಕ್ಕೆ ಬಿಚ್ಚಿಕೊಳ್ಳದಂತೆ ಮೇಲಿಂದ ಕಾಯುತ್ತದೆ, ಅಷ್ಟೆ. ಪಿಂಚ್‌ನಲ್ಲಿ ಕೊಕ್ಕೆಯೇ ಇಲ್ಲ. ನಾಲ್ಕು ಬೆರಳು ಎಷ್ಟು ಬಲದಿಂದ ಒತ್ತುತ್ತವೆಯೋ ಅಷ್ಟೇ ಬಲದಿಂದ ಹೆಬ್ಬೆರಳು ಒಂಟಿಯಾಗಿ ಎದುರು ಒತ್ತಬೇಕು. ಬೆರಳುಗಳು ಎಷ್ಟೇ ಗಟ್ಟಿಯಿರಲಿ, ಹೆಬ್ಬೆರಳು ಸೋತಲ್ಲಿಗೆ ಎತ್ತುವಿಕೆ ಮುಗಿಯಿತು. ಬ್ರಿಟಿಷ್ ಅಂಗರಚನಾ ತಜ್ಞ ಜಾನ್ ನೇಪಿಯರ್ 1956ರಲ್ಲಿ ಮನುಷ್ಯನ ಕೈಹಿಡಿತಗಳನ್ನು ಎರಡಾಗಿ ವಿಂಗಡಿಸಿದ: ಸುತ್ತಿಗೆ ಹಿಡಿಯುವಂಥ ಬಲದ ಹಿಡಿತ, ಸೂಜಿ ಹಿಡಿಯುವಂಥ ನಿಖರತೆಯ ಹಿಡಿತ. ಸೂಜಿಗೆಂದು ಇರುವ ಹಿಡಿತದಲ್ಲಿ ಕಬ್ಬಿಣ ಎತ್ತುವ ಸಾಹಸ ಇದು. ಹಾಗಾಗಿಯೇ ಇಲ್ಲಿ ಬಲದಷ್ಟೇ ನಿಖರತೆಯೂ ಬೇಕು. ಕೈ ಎಲ್ಲಿ, ಹೇಗೆ, ಯಾವ ಕ್ರಮದಲ್ಲಿ ಕೂರುತ್ತದೆ ಎಂಬುದರಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗಿರುತ್ತದೆ ಎಂದು ನಾನು ನಂಬುತ್ತೇನೆ.

ಈ ಆಟದ ಹೆಸರಾಂತ ವಸ್ತುಗಳಲ್ಲಿ ಹಲವು ಪೆನ್ಸಿಲ್ವೇನಿಯಾದ ಯಾರ್ಕ್ ಊರಿನಿಂದ ಬಂದವು. ಬಾಬ್ ಹಾಫ್‌ಮನ್ ಅಲ್ಲಿ ಕಟ್ಟಿದ ಯಾರ್ಕ್ ಬಾರ್ಬೆಲ್ ಕಂಪನಿಯ ಹಳೆಯ ಪ್ಲೇಟುಗಳೆಂದರೆ ಪಿಂಚ್ ಮಾಡುವವರಿಗೆ ಇಂದಿಗೂ ಗೌರವ. ಅದೇ ಕಂಪನಿಯ 100 ಪೌಂಡ್ ಡಂಬೆಲ್ಲಿನ ಒಂದು ತಲೆಯನ್ನು ಕತ್ತರಿಸಿ ತೆಗೆದರೆ ಸಿಗುವ, ಸುಮಾರು 50 ಪೌಂಡಿನ ಕಬ್ಬಿಣದ ಮುದ್ದೆಗೆ ಬ್ಲಾಬ್ ಎಂದು ಹೆಸರು. ದಕ್ಷಿಣ ಕೆರೊಲಿನಾದ ರಿಚರ್ಡ್ ಸೋರಿನ್ ಅದನ್ನು ಒಂದೇ ಕೈಯಲ್ಲಿ ಚಿವುಟಿ ಎತ್ತಿ ಪ್ರಸಿದ್ಧಿಗೆ ತಂದರು. ತೂಕ ಕೇಳಿದರೆ ಹಗುರ ಎನಿಸುತ್ತದೆ. ಆದರೆ ಅದರ ಅಗಲ ಮತ್ತು ಅಂಚುಗಳ ಇಳಿಜಾರು ಸಾಮಾನ್ಯ ಕೈಗೆ ನಿಲುಕುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪ್ಲೇಟನ್ನು ಬೀಳದಂತೆ ತಡೆಯುವುದು ಘರ್ಷಣೆ ಮಾತ್ರ, ಅದೂ ಎರಡು ಮೈಗಳಲ್ಲಿ. ಚರ್ಮಕ್ಕೂ ಕಬ್ಬಿಣಕ್ಕೂ ನಡುವಿನ ಘರ್ಷಣಾಂಕ 0.5 ಎಂದಿಟ್ಟುಕೊಂಡರೆ 41 ಕೆ.ಜಿ. ಎತ್ತಲು ಹೆಬ್ಬೆರಳು 41 ಕೆ.ಜಿ. ಭಾರದಷ್ಟೇ ಒತ್ತಬೇಕು. ಬೆವರಿನಿಂದ ಅದು 0.4ಕ್ಕೆ ಇಳಿದರೆ ಬೇಕಾಗುವ ಒತ್ತಡ 51 ಕೆ.ಜಿ. ದಾಟುತ್ತದೆ. ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ ಬಲವನ್ನು ಅಂಗೈಯ ಬೆವರೇ ಒಂದು ಗಳಿಗೆಯಲ್ಲಿ ಕಸಿದುಕೊಳ್ಳಬಲ್ಲದು. ಇನ್ನೊಂದು ಮಾತು: ನಿಂತ ಮೈಗಳ ನಡುವಿನ ಘರ್ಷಣೆಗಿಂತ ಜಾರುತ್ತಿರುವ ಮೈಗಳ ಘರ್ಷಣೆ ಸಾಮಾನ್ಯವಾಗಿ ಕಡಿಮೆ. ಒಮ್ಮೆ ಜಾರಲು ಶುರುವಾದ ಪ್ಲೇಟನ್ನು ಮತ್ತೆ ಗಟ್ಟಿಯಾಗಿ ಹಿಡಿದು ನಿಲ್ಲಿಸುವುದು ಬಹುತೇಕ ಆಗದ ಕೆಲಸ. ಮೊದಲ ಜಾರಿಕೆಯೇ ಆಗದಂತೆ ಕೂರಿಸುವುದು ಒಂದೇ ದಾರಿ.

ಕೂರಿಸುವುದು ಕಾಲಿನಿಂದ ಆರಂಭ. ಪ್ಲೇಟುಗಳು ಎರಡು ಪಾದಗಳ ನಡುವೆ, ಅಥವಾ ಎತ್ತುವ ಕೈಯ ಬದಿಗೆ, ಹೆಗಲಿನಿಂದ ಇಳಿಬಿಟ್ಟ ತೋಳು ನೇರವಾಗಿ ಅವುಗಳ ತಲೆಯ ಮೇಲೆ ಬರುವಂತೆ ಇರಬೇಕು. ತೋಳು ಓರೆಯಾದರೆ ಎಳೆತವೂ ಓರೆ. ಆಗ ಒಂದು ಬದಿಯ ಒತ್ತಡ ತಗ್ಗುತ್ತದೆ. ಪ್ಲೇಟಿನ ವ್ಯಾಸ ಸುಮಾರು 45 ಸೆಂ.ಮೀ. ಇರುವುದರಿಂದ ತೂಕದ ನಡುಬಿಂದು ಅಂಚಿನಿಂದ ಗೇಣಿನಷ್ಟು ಕೆಳಗಿರುತ್ತದೆ. ಕೈ ಅದರ ಸರಿ ನೆತ್ತಿಯಲ್ಲಿ ಇಲ್ಲದಿದ್ದರೆ ನೆಲ ಬಿಟ್ಟ ಕೂಡಲೇ ಪ್ಲೇಟು ತಿರುಗಿ ತನ್ನ ಸಮತೋಲ ಹುಡುಕುತ್ತದೆ, ಆ ತಿರುವಿನಲ್ಲೇ ಚರ್ಮ ಜಾರುತ್ತದೆ. ಆದ್ದರಿಂದ ನಡುಬೆರಳಿನ ಗೆರೆ ಪ್ಲೇಟಿನ ತೂತಿನ ಕಡೆಗೆ ನೇರ ನೋಡುವಂತೆ ಇಡುವುದು ಒಳ್ಳೆಯ ಗುರುತು. ಹೆಬ್ಬೆರಳು ಎದುರು ಬದಿಯಲ್ಲಿ ತೋರುಬೆರಳು ಮತ್ತು ನಡುಬೆರಳುಗಳ ಸಂದಿಗೆ ಎದುರಾಗಿ ನಿಲ್ಲಬೇಕು. ತೋರುಬೆರಳಿಗಿಂತಲೂ ಹೊರಕ್ಕೆ ಸರಿದರೆ ಉಂಗುರ ಬೆರಳು, ಕಿರುಬೆರಳುಗಳ ಒತ್ತಡಕ್ಕೆ ಎದುರಾಳಿಯೇ ಇರುವುದಿಲ್ಲ. ಅವು ಹಿಡಿಯುವ ಬದಲು ಪ್ಲೇಟನ್ನು ತಿರುಗಿಸತೊಡಗುತ್ತವೆ.

ಹೆಬ್ಬೆರಳು ಮೊದಲೋ ಬೆರಳುಗಳು ಮೊದಲೋ ಎಂಬ ಬಗ್ಗೆ ಎತ್ತುವವರಲ್ಲಿ ಒಮ್ಮತವಿಲ್ಲ. ನಾನು ಹೆಬ್ಬೆರಳಿನ ಪಕ್ಷ. ಸೋಲುವ ಸಾಧ್ಯತೆ ಹೆಚ್ಚಿರುವವನಿಗೆ ಒಳ್ಳೆಯ ಜಾಗ ಮೊದಲು ಸಿಗಬೇಕು. ಹೆಬ್ಬೆರಳ ತುದಿಯಲ್ಲ, ಮೆತ್ತೆ ಪೂರ್ತಿ ಕಬ್ಬಿಣಕ್ಕೆ ಅಂಟಲಿ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಚರ್ಮದ ಮಡಿಕೆಯನ್ನು ಪ್ಲೇಟಿನ ತಲೆಯತ್ತ ಸಾಧ್ಯವಾದಷ್ಟು ಇಳಿಸಿದರೆ ಭಾರ ತುದಿಯಿಂದ ಬುಡದ ಕಡೆಗೆ ಸರಿಯುತ್ತದೆ. ಸನ್ನೆಯ ತೋಳು ಗಿಡ್ಡವಾಗಿ ಅದೇ ಸ್ನಾಯು ಹೆಚ್ಚು ಒತ್ತಬಲ್ಲದು. ಆದರೆ ತೀರಾ ಆಳಕ್ಕೆ ಹೋಗಿ ಬೆರಳುಗಳು ಬಿಲ್ಲಿನಂತೆ ಬಾಗಿದರೆ ಅವುಗಳ ಮೆತ್ತೆ ಪ್ಲೇಟಿನಿಂದ ಎದ್ದುಬಿಡುತ್ತದೆ. ಎಲ್ಲ ಮೆತ್ತೆಗಳೂ ಚಪ್ಪಟೆಯಾಗಿ ಕೂರುವಷ್ಟು ಆಳವೇ ನಿಮ್ಮ ಆಳ.

ಇನ್ನೊಂದು ಸೂಕ್ಷ್ಮವಿದೆ. ಭಾರ ಬಿದ್ದೊಡನೆ ಚರ್ಮ ಇದ್ದಲ್ಲೇ ಉಳಿದು, ಒಳಗಿನ ಮೂಳೆ ಕೊಂಚ ಮೇಲೆ ಸರಿಯುತ್ತದೆ. ಕೂರಿಸುವಾಗಲೇ ಬೆರಳುಗಳನ್ನು ಬೇಕಾದುದಕ್ಕಿಂತ ಕೂದಲೆಳೆಯಷ್ಟು ಕೆಳಗಿಟ್ಟು, ಅದುಮಿ, ಆ ಸಡಿಲನ್ನು ಮೇಲಕ್ಕೆ ಎಳೆದು ತೆಗೆದುಬಿಡಬೇಕು. ಆಮೇಲೆ ಪೂರ್ತಿ ಒತ್ತಡ. ಒತ್ತಡ ತುಂಬಿದ ಮೇಲೆ ಮಾತ್ರ ಎತ್ತುವುದು. ಎತ್ತುತ್ತಾ ಒತ್ತಡ ಹೆಚ್ಚಿಸುತ್ತೇನೆ ಎನ್ನುವವರು ಸೋಲುತ್ತಾರೆ. ಮಣಿಕಟ್ಟು ನೆಟ್ಟಗೆ, ಮೊಣಕೈ ನೆಟ್ಟಗೆ, ಕೆಲಸವೆಲ್ಲ ಕಾಲು ಮತ್ತು ಸೊಂಟದ್ದು. ಜಗ್ಗಬಾರದು: ಜಗ್ಗಿದ ಕ್ಷಣಕ್ಕೆ ಭಾರ ತನ್ನ ನಿಜ ತೂಕಕ್ಕಿಂತ ಹೆಚ್ಚಾಗುತ್ತದೆ, ಘರ್ಷಣೆ ಮಾತ್ರ ಹೆಚ್ಚುವುದಿಲ್ಲ.

ಎರಡೂ ಕೈಗಳ ಪಿಂಚ್ ಬೇರೆಯೇ ವಿದ್ಯೆ. ಇಂಗ್ಲೆಂಡಿನ ಡೇವಿಡ್ ಹಾರ್ನ್ ರೂಪಿಸಿದ ಸಾಧನದಲ್ಲಿ ಹಿಡಿಯುವ ಅಗಲವನ್ನು ಅವರವರ ಕೈಗೆ ತಕ್ಕಂತೆ ಬದಲಿಸಬಹುದು. ಈ ಏರ್ಪಾಡು ನನಗೆ ಬಹಳ ನ್ಯಾಯದ್ದಾಗಿ ಕಾಣುತ್ತದೆ, ಏಕೆಂದರೆ ಒಂದೇ ಅಗಲ ಎಲ್ಲರಿಗೂ ಎಂದರೆ ಉದ್ದ ಬೆರಳಿನವರಿಗೆ ಹುಟ್ಟಿನಿಂದಲೇ ಗೆಲುವು. ಇಲ್ಲಿ ಎರಡೂ ಹೆಬ್ಬೆರಳು ನಮ್ಮ ಕಡೆಗೆ, ಎಂಟು ಬೆರಳು ಆಚೆಗೆ. ಹೆಬ್ಬೆರಳು ಒತ್ತುವ ಎತ್ತರ ಮತ್ತು ಬೆರಳುಗಳು ಒತ್ತುವ ಎತ್ತರ ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ, ಒಂದು ಕೆಳಗೆ ಆದರೆ ಎರಡೂ ಬಲ ಸೇರಿ ಸಾಧನವನ್ನು ವಾಲಿಸುತ್ತವೆ. ಎಡಗೈ, ಬಲಗೈಗಳು ನಡುವಿನಿಂದ ಸಮದೂರದಲ್ಲಿರಲಿ. ಇಲ್ಲದಿದ್ದರೆ ಒಂದು ತುದಿ ಮೊದಲು ಏಳುತ್ತದೆ, ತಗ್ಗಿದ ಕಡೆಯ ಕೈ ಬಿಟ್ಟುಕೊಡುತ್ತದೆ.

ಹೆಬ್ಬೆರಳನ್ನು ಅಂಗೈಯತ್ತ ಎಳೆಯುವ ಮುಖ್ಯ ಸ್ನಾಯುವಿಗೆ ಅಪ್ಪಣೆ ಒಯ್ಯುವುದು ಅಲ್ನರ್ ನರ. ಮೊಣಕೈಯ ಮೂಳೆಗೆ ಏನಾದರೂ ತಗುಲಿದಾಗ ಜುಮ್ಮೆನ್ನುತ್ತದಲ್ಲ, ಅದೇ. ಫ್ರಾನ್ಸಿನ ವೈದ್ಯ ಜೂಲ್ಸ್ ಫ್ರೋಮೆಂಟ್ ಹೆಸರಿನ ಪರೀಕ್ಷೆಯೊಂದಿದೆ: ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಾಗದ ಹಿಡಿಸಿ ಎಳೆದಾಗ, ಈ ನರ ದುರ್ಬಲವಿದ್ದರೆ ಹೆಬ್ಬೆರಳ ತುದಿಗೆಣ್ಣು ಮಡಚಿಕೊಳ್ಳುತ್ತದೆ. ಬುಡದ ಸ್ನಾಯು ಕೈಬಿಟ್ಟ ಕೆಲಸವನ್ನು ಮುಂಗೈಯ ಇನ್ನೊಂದು ಸ್ನಾಯು ವಹಿಸಿಕೊಂಡದ್ದರ ಗುರುತು ಅದು. ಆರೋಗ್ಯವಂತರಲ್ಲೂ ಅಭ್ಯಾಸದ ಕೊನೆಕೊನೆಗೆ ಹೆಬ್ಬೆರಳ ತುದಿ ತಾನಾಗಿ ಮಡಚತೊಡಗಿದರೆ ಆ ದಿನಕ್ಕೆ ನಿಲ್ಲಿಸುವುದು ಜಾಣತನ. ವಿಶ್ರಾಂತಿಯ ನಂತರವೂ ಜೋಮು ಉಳಿದರೆ ವೈದ್ಯರಿಗೆ ತೋರಿಸಬೇಕು.

ನಮ್ಮಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರ ಬಲ ತೋಳು, ಎದೆ, ಸೊಂಟದ್ದು. ಪಿಂಚ್‌ಗೆ ಹತ್ತಿರದ ಬಲ ಬೇಕಾಗುವುದು ಬಾದಾಮಿಯ ಮರಳುಗಲ್ಲು ಹತ್ತುವವರಿಗೆ. ಹೊಸ ಜಿಮ್‌ಗಳ ರಬ್ಬರ್ ಹೊದಿಸಿದ, ಹಿಡಿತೂತುಗಳುಳ್ಳ ಪ್ಲೇಟುಗಳು ಈ ಅಭ್ಯಾಸಕ್ಕೆ ಬಾರವು. ಹಳೆಯ ಕಬ್ಬಿಣದ್ದು ಸಿಕ್ಕರೆ 5 ಕೆ.ಜಿ.ಯ ಎರಡರಿಂದ ಶುರುಮಾಡಿ. ಸಿಗದಿದ್ದರೆ ಬಡಗಿಯ ಬಳಿ 2 ಅಂಗುಲ ದಪ್ಪದ ಮರದ ತುಂಡೊಂದನ್ನು ಕೇಳಿ ಪಡೆದು, ಅಂಚು ಉಜ್ಜಿಸಿ, ಕೆಳತುದಿಯಲ್ಲಿ ತೂತು ಕೊರೆಸಿ ಹಗ್ಗದಿಂದ ಮರಳಿನ ಚೀಲ ತೂಗಿಹಾಕಬಹುದು. ಕೈಗೆ ಹಚ್ಚುವುದು ಶಾಲೆಯ ಸೀಮೆಸುಣ್ಣವಲ್ಲ, ಮೆಗ್ನೀಷಿಯಂ ಕಾರ್ಬೊನೇಟ್ ಪುಡಿ. ತೆಳುವಾಗಿ ಸವರಿ ಉಳಿದದ್ದನ್ನು ಕೊಡವಿಬಿಡಿ, ದಪ್ಪಗೆ ಕೂತ ಪುಡಿಯೇ ಜಾರಿಸುತ್ತದೆ. ಕರಾವಳಿಯ ಸೆಕೆಯಲ್ಲಿ ಪ್ರತಿ ಸಲ ಎತ್ತುವ ಮುನ್ನ ಕೈಯನ್ನೂ ಹಿಡಿಯುವ ಮೈಯನ್ನೂ ಒಣಬಟ್ಟೆಯಿಂದ ಒರೆಸಿಕೊಳ್ಳಲೇಬೇಕು. ನೆಲಕ್ಕೆ ರಬ್ಬರ್ ಹಾಸು, ಕಾಲಿಗೆ ಶೂ. ಜಾರುತ್ತಿದೆ ಎನಿಸಿದೊಡನೆ ಬಿಟ್ಟುಬಿಡಿ, ಹಿಡಿಯಲು ಮಂಡಿಯನ್ನೋ ಪಾದವನ್ನೋ ಅಡ್ಡ ತರಬೇಡಿ. ವಾರಕ್ಕೆ ಎರಡು ಸಲ, ಕೆಲವೇ ಬಾರಿ ಎತ್ತಿದರೆ ಸಾಕು. ಹೆಬ್ಬೆರಳ ಬುಡದ ಕೀಲು ಸ್ನಾಯುವಿನಷ್ಟು ಬೇಗ ಗಟ್ಟಿಯಾಗುವುದಿಲ್ಲ. ಬರೆದಿಡುವವರು ತೂಕದ ಜೊತೆಗೆ ಯಾವ ಕೈ, ಎಷ್ಟು ಅಗಲ, ಮರವೋ ಕಬ್ಬಿಣವೋ ಎಂಬುದನ್ನೂ ಬರೆದಿಡಲಿ. ಮರದ ಮೇಲೆ ಎತ್ತಿದ್ದಕ್ಕೂ ಬಣ್ಣ ಬಳಿದ ಕಬ್ಬಿಣದ ಮೇಲೆ ಎತ್ತಿದ್ದಕ್ಕೂ ಹೋಲಿಕೆ ಇಲ್ಲ.