ಊರಿಗೆ ತಾವೇ ಬೇಲಿ ಹಾಕಿಕೊಂಡವರು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಈಮ್ ಎಂಬ ಪುಟ್ಟ ಹಳ್ಳಿ ಇದೆ. ಅದರ ಕಥೆ ಓದಿದಾಗಿನಿಂದ ನಿಮಗೆಲ್ಲ ಹೇಳಬೇಕು ಅನ್ನಿಸುತ್ತಿತ್ತು.

1665ರಲ್ಲಿ ಲಂಡನ್ನಿನಿಂದ ಆ ಊರಿನ ದರ್ಜಿಯ ಮನೆಗೆ ಬಟ್ಟೆಯ ಗಂಟು ಬಂತು. ಅದರ ಜೊತೆಗೇ ಪ್ಲೇಗೂ ಬಂತು ಅಂತ ಅಲ್ಲಿಯವರು ಹೇಳುತ್ತಾರೆ. ಸೆಪ್ಟೆಂಬರಿನಲ್ಲಿ ದರ್ಜಿಯ ಕೆಲಸಗಾರ ತೀರಿಕೊಂಡ. ಆಮೇಲೆ ಮನೆ ಮನೆಯಲ್ಲೂ ಸಾವು.

1666ರ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಸೇರಿ ಊರವರನ್ನು ಒಪ್ಪಿಸಿದರು. ಯಾರೂ ಊರು ಬಿಡಬಾರದು, ಬಿಟ್ಟರೆ ಸುತ್ತಲ ಹಳ್ಳಿಗಳಿಗೂ ರೋಗ ಅಂಟುತ್ತೆ ಎಂದರು. ನೆರೆಯೂರಿನವರು ಗಡಿಯಲ್ಲಿ ಆಹಾರ ಇಟ್ಟು ಹೋಗುತ್ತಿದ್ದರು. ಇವರು ಗಡಿಕಲ್ಲಿನ ಕುಳಿಗಳಿಗೆ ವಿನೆಗರ್ ತುಂಬಿ ಅದರೊಳಗೆ ದುಡ್ಡು ಹಾಕುತ್ತಿದ್ದರು. ದುಡ್ಡಿನಿಂದ ರೋಗ ದಾಟಬಾರದಲ್ಲ! ಚರ್ಚ್ ಮುಚ್ಚಿ, ಬಯಲಿನಲ್ಲಿ ದೂರ ದೂರ ನಿಂತು ಪ್ರಾರ್ಥನೆ ಮಾಡಿದರು. ಎಲಿಜಬೆತ್ ಹ್ಯಾಂಕಾಕ್ ಎಂಬ ತಾಯಿ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ಪಾದ್ರಿ ಮಾಂಪೆಸನ್ನರ ಹೆಂಡತಿಯೂ ಉಳಿಯಲಿಲ್ಲ. ಸುಮಾರು 14 ತಿಂಗಳಲ್ಲಿ 260ರಷ್ಟು ಜನ ಸತ್ತರು. ಆದರೆ ರೋಗ ಸುತ್ತಲ ಹಳ್ಳಿಗಳಿಗೆ ಹಬ್ಬಲಿಲ್ಲ.

ನಮ್ಮ ಕಡೆ ಪ್ಲೇಗ್ ಬಂದಾಗ, ಇಲಿ ಬಿದ್ದ ಕೂಡಲೇ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಅದೂ ಜಾಣತನವೇ. ಈಮ್‌ನವರಿಗೆ ಇಲಿ, ಚಿಗಟದ ವಿಷಯ ಗೊತ್ತಿರಲಿಲ್ಲ. ಆದರೆ ನಮ್ಮಿಂದ ಇನ್ನೊಬ್ಬರಿಗೆ ಬರಬಾರದು ಅನ್ನೋದು ಗೊತ್ತಿತ್ತು.

ಗಡಿಕಲ್ಲು ಈಗಲೂ ಇದೆ. ಪ್ರತಿ ವರ್ಷ ಆಗಸ್ಟ್ ಕೊನೆಯ ಭಾನುವಾರ ಊರವರು ಸತ್ತವರನ್ನು ನೆನೆಯುತ್ತಾರೆ. ನಮ್ಮ ಊರಿಗೆ ಅಂಥ ದಿನ ಬಂದಿದ್ದರೆ ನಾವು ಏನು ಮಾಡುತ್ತಿದ್ದೆವು? ಯೋಚಿಸಿ ನೋಡಿ.