ಕುಕ್ಕರ್ ಇಲ್ಲದೆ ಕಾಳು ಬೇಯಿಸುವ ಬಗೆ

ಮಾಟುಂಗದ ಕನ್ನಡಿಗರ ಅಡುಗೆಮನೆಗಳಲ್ಲಿ ಊರಿನ ಹುರುಳಿ, ಅಲಸಂದೆಗಳ ಜೊತೆಗೆ ಉತ್ತರ ಭಾರತದ ರಾಜ್ಮಾ ಸಹ ಸ್ಥಾನ ಪಡೆದಿದೆ. ಕುಕ್ಕರ್ ಇಲ್ಲದಿರುವಾಗ ಇದನ್ನು ಸಾಮಾನ್ಯ ಪಾತ್ರೆಯಲ್ಲಿಯೂ ಚೆನ್ನಾಗಿ ಬೇಯಿಸಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ.

ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನು ಹೆಚ್ಚಾಗಿರುತ್ತದೆ. ಬೇಯದ ನಾಲ್ಕೈದು ಕಾಳು ತಿಂದರೂ 1ರಿಂದ 3 ಗಂಟೆಗಳೊಳಗೆ ವಾಂತಿ, ಬಳಿಕ ಭೇದಿ ಆಗಬಹುದು. ಇಂಧನ ಉಳಿಸಲೆಂದು ಕುದಿ ಬಾರದಷ್ಟು ಸಣ್ಣ ಉರಿಯಲ್ಲಿಟ್ಟರೆ ಕಾಳು ಮೆತ್ತಗಾದೀತು, ವಿಷ ಅಳಿಯದು.

ಆದುದರಿಂದ ಕಾಳನ್ನು ರಾತ್ರಿಯಿಡೀ ನೆನೆಸಬೇಕು. ಮುಂಬಯಿಯ ಸೆಖೆಯಲ್ಲಿ ಅದು ಹುಳಿಯದಂತೆ ನಡುವೆ ಒಮ್ಮೆ ನೀರು ಬದಲಿಸುವುದು ಒಳಿತು. ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ, ಸಾಧ್ಯವಿದ್ದರೆ 30 ನಿಮಿಷ, ಕೊತಕೊತನೆ ಕುದಿಸತಕ್ಕದ್ದು. ಅನಂತರ ಉರಿ ತಗ್ಗಿಸಿ, ಪಾತ್ರೆ ಮುಚ್ಚಿ, ಬೆರಳಿನಿಂದ ಒತ್ತಿದರೆ ನುಣ್ಣಗಾಗುವವರೆಗೆ ಬೇಯಿಸಬೇಕು. ನೀರು ಬತ್ತಿದರೆ ಬಿಸಿನೀರನ್ನೇ ಸೇರಿಸಬೇಕು.

ಹುಣಿಸೆಹಣ್ಣು, ಟೊಮೇಟೊಗಳನ್ನು ಕಾಳು ಬೆಂದ ಮೇಲೆಯೇ ಹಾಕಬೇಕು. ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗದು. ಅಡುಗೆ ಸೋಡಾ ಬೇಗ ಬೇಯಿಸುವುದೇನೋ ನಿಜ. ಆದರೆ ಬಿ-1 ಜೀವಸತ್ವವನ್ನು ಹಾಳುಮಾಡುತ್ತದೆ. ನೆನೆಸುವ ತಾಳ್ಮೆ ಮತ್ತು ಚೆನ್ನಾಗಿ ಬಂದ ಕುದಿ, ಇವೆರಡಿದ್ದರೆ ಸೀಟಿಯ ಸದ್ದಿಲ್ಲದೆಯೂ ಕಾಳು ಹಿತಕರ ಆಹಾರವಾಗುವುದು.