ಅಂಟು ಬಿಟ್ಟರೂ ನಂಟು ಬಿಡದ ಕೋಶಗಳು

ಮೊಸರು ಕಟ್ಟಿದ ಬಟ್ಟೆಯನ್ನು ಹಿಂಡುವಂತೆ ಅಮೆರಿಕದ ಎಚ್. ವಿ. ವಿಲ್ಸನ್ ಕಡಲಿನ ಸ್ಪಂಜೊಂದನ್ನು ತೆಳುವಾದ ರೇಷ್ಮೆ ಬಟ್ಟೆಯಲ್ಲಿ ಕಟ್ಟಿ ನೀರಿನೊಳಗೆ ಹಿಂಡಿದರು. ಸ್ಪಂಜು ಗಿಡವಲ್ಲ, ಪ್ರಾಣಿ. ಬಟ್ಟೆಯ ಕಣ್ಣುಗಳಿಂದ ಹೊರಬಂದದ್ದು ಬಿಡಿಬಿಡಿ ಜೀವಕೋಶಗಳ ಕದಡು. ತಳಕ್ಕಿಳಿದ ಕೋಶಗಳು ತೆವಳುತ್ತ ಒಂದನ್ನೊಂದು ಸೇರಿದವು, ಮುದ್ದೆಯಾದವು, ದಿನ ಕಳೆದಂತೆ ಮತ್ತೆ ಸ್ಪಂಜೇ ಆದವು. ವಿಲ್ಸನ್ ಇದನ್ನು ಪ್ರಕಟಿಸಿದ್ದು 1907ರಲ್ಲಿ. ಎರಡು ಜಾತಿಯ ಸ್ಪಂಜುಗಳನ್ನು ಹೀಗೆ ಹಿಂಡಿ ಬೆರೆಸಿದರೆ ಎಷ್ಟೋ ಸಲ ಕೋಶಗಳು ತಮ್ಮವರನ್ನೇ ಹುಡುಕಿ ಬೇರೆ ಬೇರೆ ಗುಂಪು ಕಟ್ಟುತ್ತವೆ. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಗುರುತು ಸಿಗುತ್ತದೆ!

ಆ ಗುರುತಿನ ಒಂದು ದೊಡ್ಡ ಸುಳಿವು ಸಿಕ್ಕಿದ್ದು ಕೈಗೂಡದ ಪ್ರಯೋಗವೊಂದರಿಂದ. ಜಪಾನಿನ ಮಸಾತೋಶಿ ತಾಕೇಚಿ 1970ರ ದಶಕದಲ್ಲಿ ಕ್ಯೋಟೋದಿಂದ ಬಾಲ್ಟಿಮೋರ್‌ಗೆ ಹೋದಾಗ, ಊರಿನಲ್ಲಿ ಸಲೀಸಾಗಿ ಅಂಟಿಕೊಳ್ಳುತ್ತಿದ್ದ ಕೋಶಗಳು ಅಲ್ಲಿ ಅಂಟಲೇ ಇಲ್ಲ. ಕೋಶಗಳನ್ನು ಬಿಡಿಸಲು ಬಳಸುತ್ತಿದ್ದ ಟ್ರಿಪ್ಸಿನ್ ದ್ರಾವಣಗಳನ್ನು ಅವರು ಹೋಲಿಸಿ ನೋಡಿದರು. ಬಾಲ್ಟಿಮೋರ್‌ನ ದ್ರಾವಣದಲ್ಲಿ ಕ್ಯಾಲ್ಸಿಯಂ ಅನ್ನು ಹೀರಿಬಿಡುವ ಇಡಿಟಿಎ ಇತ್ತು. ಕ್ಯಾಲ್ಸಿಯಂ ಜೊತೆಗಿದ್ದರೆ ಕೋಶದ ಮೈಮೇಲಿನ ಒಂದು ಪ್ರೋಟೀನು ಬಿಗಿಯಾಗಿ ನಿಂತು ಟ್ರಿಪ್ಸಿನ್‌ಗೂ ಜಗ್ಗುವುದಿಲ್ಲ. ಇಲ್ಲದಿದ್ದರೆ ಸಡಿಲಗೊಂಡು ಕತ್ತರಿಸಿಹೋಗುತ್ತದೆ. ಕಾಣದ ಆ ಪ್ರೋಟೀನಿಗೆ ಅವರ ತಂಡ 1984ರಲ್ಲಿ ಕ್ಯಾಡ್‌ಹೆರಿನ್ ಎಂದು ಹೆಸರಿಟ್ಟಿತು. ಮೂರು ವರ್ಷಗಳ ನಂತರ, ಒಂದಕ್ಕೊಂದು ಅಂಟದೆ ಬಿಡಿಯಾಗಿರುತ್ತಿದ್ದ ಕೋಶಗಳಿಗೆ ಅದರ ಜೀನನ್ನು ಸೇರಿಸಿದಾಗ ಅವು ಒತ್ತಾಗಿ ಗುಂಪುಗೂಡಿದವು. ಪ್ರಯೋಗ ಕೆಟ್ಟಿತೆಂದು ಚೆಲ್ಲಿ ಮುಂದೆ ಹೋಗದ ತಾಕೇಚಿಯವರ ಆ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವ.

ಕ್ಯಾಡ್‌ಹೆರಿನ್ ಬರೀ ಗೋಂದಲ್ಲ. ಅದರಲ್ಲಿ ಬಗೆಗಳಿವೆ, ಸಾಮಾನ್ಯವಾಗಿ ಇ-ಬಗೆಯದು ಇ-ಬಗೆಯನ್ನೇ, ಎನ್-ಬಗೆಯದು ಎನ್-ಬಗೆಯನ್ನೇ ಹಿಡಿಯುತ್ತದೆ. ಹಿಡಿತದ ಸುದ್ದಿ ಕೋಶದ ಒಳಗಿನ ಎಳೆಗಳಿಗೂ ತಲುಪುತ್ತದೆ, ಆಕಾರ ಬದಲಾಗುತ್ತದೆ. ತಾಯಿಯ ಗರ್ಭದಲ್ಲಿ ಭ್ರೂಣದ ಬೆನ್ನಿನ ಹಾಳೆ ಮಡಚಿ ನಾಳವಾಗುವಾಗ ಆ ಕೋಶಗಳು ಇ-ಕ್ಯಾಡ್‌ಹೆರಿನ್ ಬಿಟ್ಟು ಎನ್-ಕ್ಯಾಡ್‌ಹೆರಿನ್ ತೊಡುತ್ತವೆ. ನಾಳ ಚರ್ಮದಿಂದ ಬೇರ್ಪಟ್ಟು ಒಳಗಿಳಿಯುತ್ತದೆ. ಮಿದುಳು, ಬೆನ್ನುಹುರಿ ಅಲ್ಲಿಂದಲೇ ಮೂಡುತ್ತವೆ. ಕೈ ಬಿಡುವುದೂ ಕಟ್ಟುವ ಕೆಲಸವೇ. ಅದೇ ಬಿಡುವಿಕೆ ತಪ್ಪಾದ ಹೊತ್ತಲ್ಲಿ ನಡೆದರೆ ಕ್ಯಾನ್ಸರ್ ಕೋಶ ತನ್ನ ನೆರೆಯನ್ನು ತೊರೆದು ಹೊರಡುತ್ತದೆ. ಇ-ಕ್ಯಾಡ್‌ಹೆರಿನ್‌ನ ಜೀನಿನಲ್ಲಿ ಹುಟ್ಟಿನಿಂದಲೇ ದೋಷವಿರುವ ಕುಟುಂಬಗಳಲ್ಲಿ ಒಂದು ಬಗೆಯ ಹೊಟ್ಟೆಯ ಕ್ಯಾನ್ಸರ್ ತಲೆಮಾರುಗಳಲ್ಲಿ ಮರುಕಳಿಸುತ್ತದೆ.

ಈ ಹಿಡಿತದ ಬೆಲೆ ಎಷ್ಟೆಂದು ಕಣ್ಣಿಗೆ ಕಾಣಿಸುವ ಕಾಯಿಲೆ ಪೆಂಫಿಗಸ್. ಕ್ಯಾಡ್‌ಹೆರಿನ್ ಮನೆತನದ್ದೇ ಆದ ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನ ಮೇಲೆ ರೋಗಿಯ ಸ್ವಂತ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುತ್ತದೆ. ಬಾಯಲ್ಲಿ ಹುಣ್ಣು, ಮೈಮೇಲೆ ಸುಲಭವಾಗಿ ಒಡೆಯುವ ಗುಳ್ಳೆ. ಬೆರಳಿಂದ ಉಜ್ಜಿದರೂ ಚರ್ಮ ಜಾರಬಹುದು. ಒಂದು ಚೂರು ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೇಲಿನ ಕೋಶಗಳು ಬಿಡಿಬಿಡಿಯಾಗಿ ತೇಲುತ್ತಿರುತ್ತವೆ. ಕೆಳಗಿನ ಒಂದು ಸಾಲು ಮಾತ್ರ ಸಮಾಧಿಯ ಕಲ್ಲುಗಳಂತೆ ನೆಟ್ಟಗೆ ನಿಂತಿರುತ್ತದೆ. ಆ ಸಾಲು ಅಕ್ಕಪಕ್ಕದವರ ಕೈ ಬಿಟ್ಟಿದೆ. ಕಾಲೂರಿದ ನೆಲವನ್ನು ಹಿಡಿದಿರುವುದು ಇಂಟೆಗ್ರಿನ್ ಎಂಬ ಬೇರೆಯೇ ಪ್ರೋಟೀನು. ಅದು ಇನ್ನೂ ಬಿಟ್ಟಿಲ್ಲ.